ಒಬ್ಬನಿಗೆ 18, ಇನ್ನೊಬ್ಬಳಿಗೆ 13: ಪಾತ್ರ ಕಟ್ಟುವಾಗ ಯಾವ ಹೌಸ್ ರೂಲ್ ಇಡಬೇಕು?

ಪ್ರಶ್ನೆ: ಆಟಗಾರರು ಐದು ಜನ, ನಾನು ಡಿಎಮ್, ಅಂದರೆ ಕಥೆ, ಶತ್ರುಗಳನ್ನು ನಡೆಸುವ ಕೆಲಸ ನನ್ನದು. ಆಡುವುದು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಐದನೇ ಆವೃತ್ತಿ, 2014ರ ಪುಸ್ತಕ. ಹಿಂದಿನ ಕ್ಯಾಂಪೇನ್‌ಗೆ (ವಾರಗಟ್ಟಲೆ ನಡೆಯುವ ಒಂದು ಕಥೆ) ಎಲ್ಲರೂ ದಾಳ ಎಸೆದು ಪಾತ್ರದ ಆರು ಸಾಮರ್ಥ್ಯಗಳ ಅಂಕ ಮಾಡಿಕೊಂಡರು. ಒಬ್ಬನಿಗೆ 18, 17, 16 ಬಿತ್ತು, ಇನ್ನೊಬ್ಬಳ ಅತಿ ದೊಡ್ಡ ಅಂಕವೇ 13. ನಾಲ್ಕನೇ ವಾರಕ್ಕೆ ಆಕೆ ಬರುವುದನ್ನೇ ಬಿಟ್ಟಳು. ಈಗ ಹೊಸ ಕ್ಯಾಂಪೇನ್ ಶುರು ಮಾಡಬೇಕು. ಪಾಯಿಂಟ್ ಬೈ (ಎಲ್ಲರಿಗೂ ಸಮ ಪಾಯಿಂಟ್, ಅದರಲ್ಲಿ ಅಂಕ ಕೊಳ್ಳುವುದು) ಅಂದರೆ ಅರ್ಧ ಜನ ಮುಖ ಸಿಂಡರಿಸುತ್ತಾರೆ, ದಾಳವೇ ಬೇಕಂತೆ. ಮೊದಲ ಲೆವೆಲ್‌ಗೇ ಒಂದು ಫೀಟ್ (ವಿಶೇಷ ಕೌಶಲ) ಪುಕ್ಕಟೆ ಕೊಡಿ, ಮೂರನೇ ಲೆವೆಲ್‌ನಿಂದ ಶುರು ಮಾಡಿ ಅನ್ನುವ ಬೇಡಿಕೆಗಳೂ ಇವೆ. ಏನೇನು ನಿಯಮ ಇಡಲಿ?

ಉತ್ತರ: ನಿಮ್ಮ ಮೇಜಿನಲ್ಲಿ ಕೆಟ್ಟದ್ದು ದಾಳ ಅಲ್ಲ, ಅಂತರ. ಐದೂ ಪಾತ್ರಗಳಿಗೆ 18 ಬಿದ್ದಿದ್ದರೆ ನೀವು ಇನ್ನೆರಡು ಓರ್ಕ್ ಸೇರಿಸಿ ಸರಿದೂಗಿಸುತ್ತಿದ್ದಿರಿ. ಐದೂ ಪಾತ್ರಗಳಿಗೆ 13 ಬಿದ್ದಿದ್ದರೆ ಎರಡು ಓರ್ಕ್ ಕಡಿಮೆ ಮಾಡುತ್ತಿದ್ದಿರಿ. ಒಂದೇ ಗುಂಪಿನಲ್ಲಿ ಎರಡೂ ಇದ್ದಾಗ ಮಾತ್ರ ಡಿಎಮ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಬಲಶಾಲಿಗೆ ತಕ್ಕ ಶತ್ರು ದುರ್ಬಲೆಯನ್ನು ಕೊಲ್ಲುತ್ತದೆ, ದುರ್ಬಲೆಗೆ ತಕ್ಕ ಶತ್ರುವಿಗೆ ಬಲಶಾಲಿ ಆಕಳಿಸುತ್ತಾನೆ.

ಆ ಅಂತರ ಎಷ್ಟೆಂದು ಲೆಕ್ಕ ಹಾಕಿ ನೋಡಿ. ಇಬ್ಬರೂ ಗ್ರೇಟ್‌ಸ್ವೋರ್ಡ್ ಹಿಡಿದ ಮೊದಲ ಲೆವೆಲ್ ಫೈಟರ್‌ಗಳು, ಇಬ್ಬರ ರೇಸ್‌ನಿಂದಲೂ (ಎಲ್ಫ್, ಡ್ವಾರ್ಫ್‌ನಂಥ ಕುಲ) ಸ್ಟ್ರೆಂತ್‌ಗೆ +2 ಸಿಗುತ್ತದೆ ಅಂದುಕೊಳ್ಳೋಣ. ಅವನದು 20, ಮಾಡಿಫೈಯರ್ (ಆ ಅಂಕದಿಂದ ಎಸೆತಕ್ಕೆ ಸೇರುವ ಸಂಖ್ಯೆ) +5. ಅವಳದು 15, ಮಾಡಿಫೈಯರ್ +2. ಎಸಿ (ಹೊಡೆತ ತಗುಲಲು ಮುಟ್ಟಬೇಕಾದ ಸಂಖ್ಯೆ) 15 ಇರುವ ಗಾಬ್ಲಿನ್‌ಗೆ ಅವನ ಹೊಡೆತ 65 ಶೇಕಡಾ ಸಲ ತಗುಲುತ್ತದೆ, ಅವಳದು 50. ತಗುಲಿದಾಗ ಅವನ ಸರಾಸರಿ ಪೆಟ್ಟು 12, ಅವಳದು 9. ಗುಣಿಸಿದರೆ ಪ್ರತಿ ಸುತ್ತಿಗೆ ಅವನದು 7.8, ಅವಳದು 4.5. ಒಂದೇ ಕ್ಲಾಸ್ (ಪಾತ್ರದ ಕಸುಬು), ಒಂದೇ ಆಯುಧ, ಮುಕ್ಕಾಲು ಪಾಲಿನಷ್ಟು ವ್ಯತ್ಯಾಸ. ಇದು ಬೇಗ ಮುಚ್ಚುವ ಅಂತರವೂ ಅಲ್ಲ. ಹೆಚ್ಚಿನ ಕ್ಲಾಸ್‌ಗಳಿಗೆ ಅಂಕ ಏರಿಸುವ ಅವಕಾಶ ಬರುವುದು 4, 8, 12, 16, 19ನೇ ಲೆವೆಲ್‌ಗಳಲ್ಲಿ, ಪ್ರತಿ ಸಲ 2 ಅಂಕ. 15ರಿಂದ 20 ಮುಟ್ಟಲು 12ನೇ ಲೆವೆಲ್ ಬೇಕು. ಫೈಟರ್‌ಗೆ 6ರಲ್ಲಿ ಒಂದು ಹೆಚ್ಚುವರಿ ಅವಕಾಶ ಇರುವುದರಿಂದ 8ಕ್ಕೆ ಮುಟ್ಟಬಹುದು. ಅಷ್ಟು ಹೊತ್ತಿಗೆ ಅವನು ಅದೇ ಅವಕಾಶಗಳಲ್ಲಿ ಫೀಟ್ ತೆಗೆದುಕೊಂಡು ಇನ್ನೂ ಮುಂದೆ ಹೋಗಿರುತ್ತಾನೆ.

'ಹಳೇ ಕಾಲದಲ್ಲಿ ದಾಳವೇ ಎಸೆಯುತ್ತಿದ್ದರು' ಎಂದು ವಾದಿಸುವವರಿಗೆ ಒಂದು ಮಾತು. 1974ರ ಮೊದಲ ಆವೃತ್ತಿಯಲ್ಲಿ ಮೂರು ಡಿ6 (ಆರು ಮುಖದ ದಾಳ) ಎಸೆದು ಬಿದ್ದ ಕ್ರಮದಲ್ಲೇ ಬರೆದುಕೊಳ್ಳುತ್ತಿದ್ದದ್ದು ನಿಜ. ಆದರೆ ಆಗ ಆ ಅಂಕಗಳಿಂದ ಆಗುತ್ತಿದ್ದ ಕೆಲಸ ಬಹಳ ಕಡಿಮೆ: ಡೆಕ್ಸ್ಟೆರಿಟಿ ಚೆನ್ನಾಗಿದ್ದರೆ ಬಾಣಕ್ಕೆ +1, ಕಾನ್‌ಸ್ಟಿಟ್ಯೂಶನ್ ಚೆನ್ನಾಗಿದ್ದರೆ ಸ್ವಲ್ಪ ಎಚ್‌ಪಿ (ಪಾತ್ರ ತಡೆಯಬಲ್ಲ ಪೆಟ್ಟಿನ ಲೆಕ್ಕ), ಕ್ಲಾಸ್‌ನ ಮುಖ್ಯ ಅಂಕ ದೊಡ್ಡದಿದ್ದರೆ ಅನುಭವದ ಅಂಕದಲ್ಲಿ ಐದೋ ಹತ್ತೋ ಶೇಕಡಾ ಹೆಚ್ಚು. ಅದೃಷ್ಟ ಕೈಕೊಟ್ಟರೂ ಆಟ ಕೈಕೊಡುತ್ತಿರಲಿಲ್ಲ. ಎಲ್ಲ ಅಂಕಕ್ಕೂ ಒಂದೇ ಮಾಡಿಫೈಯರ್ ಪಟ್ಟಿ, ಎಲ್ಲ ಎಸೆತಕ್ಕೂ ಆ ಮಾಡಿಫೈಯರ್ ಅನ್ನುವ ಪದ್ಧತಿ 2000ದ ಮೂರನೇ ಆವೃತ್ತಿಯಿಂದ ಗಟ್ಟಿಯಾಯಿತು. ಹಳೇ ಎಸೆತವನ್ನು ಹೊಸ ಪಟ್ಟಿಗೆ ಕಟ್ಟಿದ್ದರಿಂದಲೇ ಈ ತೊಂದರೆ.

ಈಗ ಸಾಮಾನ್ಯವಾಗಿ ಎಲ್ಲರೂ ಮೊದಲು ಕೈಹಾಕುವ ರಿಪೇರಿಗಳು, ಮತ್ತು ಅವು ಯಾಕೆ ಸಾಲುವುದಿಲ್ಲ ಅನ್ನುವುದು.

ಪುಸ್ತಕದ ಪದ್ಧತಿ ನಾಲ್ಕು ಡಿ6 ಎಸೆದು ಚಿಕ್ಕದನ್ನು ಬಿಡುವುದು. ಒಂದು ಅಂಕದ ಸರಾಸರಿ 12.24, ಆರೂ ಸೇರಿದರೆ 73.5ರ ಆಸುಪಾಸು. ಆರು ಎಸೆತದಲ್ಲಿ ಒಂದಾದರೂ 18 ಬೀಳುವ ಸಾಧ್ಯತೆ 9 ಶೇಕಡಾ ಚಿಲ್ಲರೆ. ಒಂದಾದರೂ 7 ಅಥವಾ ಅದಕ್ಕಿಂತ ಕೆಳಗೆ ಬೀಳುವುದು ಹತ್ತಿರ ಹತ್ತಿರ 30 ಶೇಕಡಾ. ಐದು ಜನ ಎಸೆದರೆ ಒಬ್ಬ ಮಿಂಚುವುದು, ಒಬ್ಬ ಮುಗ್ಗರಿಸುವುದು ಅಪರೂಪವೇನಲ್ಲ. ನಿಮಗೆ ಆದದ್ದು ಅದೇ. ಇದಕ್ಕೆ '1 ಬಿದ್ದರೆ ಮತ್ತೆ ಎಸೆ' ಅನ್ನುವ ಮದ್ದು ಬಹಳ ಜನಪ್ರಿಯ. ಅದರಿಂದ ಸರಾಸರಿ 13.43ಕ್ಕೆ ಏರುತ್ತದೆ, ಆರರ ಮೊತ್ತ 80 ದಾಟುತ್ತದೆ. ಎಲ್ಲರೂ ಮೇಲೇರಿದರು, ಅಂತರ ಮಾತ್ರ ಮೇಲೆಯೇ ಮುಂದುವರಿಯಿತು. ಜೊತೆಗೆ ಪುಸ್ತಕದ ಶತ್ರುಗಳೆಲ್ಲ ಸಪ್ಪೆಯಾದವು. ಮೂರನೇ ಆವೃತ್ತಿಯಲ್ಲಿ ಇನ್ನೊಂದು ನಿಯಮ ಇತ್ತು: ಅತಿ ದೊಡ್ಡ ಅಂಕ 13 ದಾಟದಿದ್ದರೆ, ಅಥವಾ ಮಾಡಿಫೈಯರ್‌ಗಳ ಮೊತ್ತ ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಡೀ ಸೆಟ್ ಮತ್ತೆ ಎಸೆಯಬಹುದು. ನಿಮ್ಮ ಗೆಳತಿಗೆ ಅದು ನೆರವಾಗುತ್ತಿತ್ತು, ನಿಜ. ಆದರೆ ಅದು ನೆಲ ಹಾಕುತ್ತದೆಯೇ ಹೊರತು ಮಾಳಿಗೆ ಹಾಕುವುದಿಲ್ಲ. 14 ಬಿದ್ದವಳು 14ರಲ್ಲೇ ಉಳಿದಳು, 18ರವನು 18ರಲ್ಲೇ ಇದ್ದ.

ದಾಳದ ಖುಷಿಯೂ ಬೇಕು, ಅಂತರವೂ ಬೇಡ ಅಂದರೆ ಎರಡು ದಾರಿ ಹೇಳುತ್ತೇನೆ.

ಮೊದಲನೆಯದು ಹಂಚಿಕೊಂಡ ಎಸೆತ. ಐದು ಜನ ಆಟಗಾರರೂ ಒಬ್ಬೊಬ್ಬರು ಒಂದೊಂದೇ ಅಂಕವನ್ನು, ನಾಲ್ಕು ಡಿ6 ಎಸೆದು ಚಿಕ್ಕದು ಬಿಟ್ಟು, ಎಲ್ಲರೆದುರು ತೆಗೆಯುತ್ತಾರೆ. ಆರನೆಯದನ್ನು ನೀವು ಎಸೆಯಿರಿ. ಆ ಆರು ಸಂಖ್ಯೆ ಇಡೀ ಗುಂಪಿಗೆ. ಯಾವುದು ಸ್ಟ್ರೆಂತ್‌ಗೆ, ಯಾವುದು ಕರಿಸ್ಮಾಗೆ ಅನ್ನುವುದು ಅವರವರ ಇಷ್ಟ. ಎಸೆಯುವ ಮೊದಲೇ ಎರಡು ಗೆರೆ ಎಳೆದುಕೊಳ್ಳಿ: ಮೊತ್ತ 70ರಿಂದ 78ರ ಒಳಗಿರಬೇಕು, ಒಂದಾದರೂ 15 ಅಥವಾ ಮೇಲಿರಬೇಕು. ಇಲ್ಲದಿದ್ದರೆ ಆರನ್ನೂ ಮತ್ತೆ ಎಸೆಯಿರಿ. ಎರಡು ಮೂರು ಸಲ ಎಸೆಯಬೇಕಾಗಿ ಬರಬಹುದು, ಅದೂ ಒಂದು ಗಲಾಟೆಯ ಮಜವೇ. 15, 14, 14, 12, 10, 9 ಬಿತ್ತು ಅನ್ನಿ, ಮೊತ್ತ 74, ಆಡಬಹುದು. 'ಆ 9 ಯಾರು ಎಸೆದದ್ದು' ಎಂದು ಆರು ತಿಂಗಳು ಕಾಲೆಳೆಯಬಹುದು.

ಇಲ್ಲಿ ಒಂದು ಎಡವಟ್ಟು ಬಹಳ ಕಡೆ ಆಗುತ್ತದೆ. 'ಪ್ರತಿಯೊಬ್ಬರೂ ಪೂರ್ತಿ ಆರು ಎಸೆಯಲಿ, ಐದು ಸೆಟ್‌ಗಳಲ್ಲಿ ಚೆನ್ನಾಗಿರುವುದನ್ನು ಎಲ್ಲರೂ ತೆಗೆದುಕೊಳ್ಳಲಿ' ಎಂದು ಬದಲಿಸಿಬಿಡುತ್ತಾರೆ. ಕೇಳಲು ಹೆಚ್ಚು ಕಡಿಮೆ ಅದೇ ಅನಿಸುತ್ತದೆ. ಆದರೆ ಐದರಲ್ಲಿ ಅತ್ಯುತ್ತಮ ಸೆಟ್‌ನ ಮೊತ್ತ ಸರಾಸರಿ 81ರ ಮೇಲೆ ಹೋಗುತ್ತದೆ. ಪುಸ್ತಕದ ಸ್ಟ್ಯಾಂಡರ್ಡ್ ಅರೇ, ಅಂದರೆ ದಾಳ ಬೇಡದವರಿಗೆ ಕೊಡುವ ಸಿದ್ಧ ಅಂಕಗಳು, 15, 14, 13, 12, 10, 8ರ ಮೊತ್ತ 72. ಅಂದರೆ ಪ್ರತಿ ಪಾತ್ರಕ್ಕೂ ಒಂಬತ್ತು ಅಂಕ ಪುಕ್ಕಟೆ. ಬೇಕೆಂದೇ ಕೊಟ್ಟರೆ ತಪ್ಪಿಲ್ಲ. ಗೊತ್ತಿಲ್ಲದೆ ಕೊಟ್ಟರೆ ಮೂರನೇ ವಾರಕ್ಕೆ 'ನನ್ನ ಯುದ್ಧಗಳೆಲ್ಲ ಯಾಕೆ ಇಷ್ಟು ಸಲೀಸು' ಎಂದು ತಲೆ ಕೆರೆದುಕೊಳ್ಳುತ್ತೀರಿ.

ಎರಡನೆಯದು, ಒಬ್ಬೊಬ್ಬರಿಗೂ ಬೇರೆ ಬೇರೆ ಅಂಕ ಬೇಕು ಅನ್ನುವವರಿಗೆ. ದಾಳ ಬಿಟ್ಟು ಇಸ್ಪೀಟು ಕಟ್ಟು ತನ್ನಿ. ನಾಲ್ಕೂ ರಂಗಿನಿಂದ 2, 3, 4, 5, 6 ಆರಿಸಿ, ಇಪ್ಪತ್ತು ಎಲೆ ಆಗುತ್ತದೆ. ಅದರಿಂದ ಒಂದು 2, ಒಂದು 6 ತೆಗೆದಿಡಿ. ಉಳಿದ ಹದಿನೆಂಟನ್ನು ಕಲಸಿ, ಮೂರು ಮೂರರಂತೆ ಆರು ಗುಡ್ಡೆ ಹಾಕಿ. ಒಂದೊಂದು ಗುಡ್ಡೆಯ ಮೊತ್ತ ಒಂದೊಂದು ಅಂಕ. ಒಬ್ಬರದಾದ ಮೇಲೆ ಎಲೆಗಳನ್ನು ಮತ್ತೆ ಕಲಸಿ ಮುಂದಿನವರಿಗೆ ಹಾಕಿ. ಯಾರಿಗೆ ಏನೇ ಬೀಳಲಿ, ಆರರ ಮೊತ್ತ ಯಾವಾಗಲೂ 72, ಸ್ಟ್ಯಾಂಡರ್ಡ್ ಅರೇಯಷ್ಟೇ. ಒಂದು ಗುಡ್ಡೆಯಲ್ಲಿ ದೊಡ್ಡ ಎಲೆಗಳು ಸೇರಿದರೆ ಇನ್ನೊಂದು ತಾನಾಗಿಯೇ ಬಡವಾಗುತ್ತದೆ: 18, 15, 13, 11, 9, 6 ಬರಬಹುದು. 6ಕ್ಕಿಂತ ಕೆಳಗೆ ಹೋಗಲು ಎಲೆಗಳೇ ಇಲ್ಲ. ಮೂರೂ 6 ಒಂದೇ ಗುಡ್ಡೆಗೆ ಬಿದ್ದು 18 ಆಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ.

ಈ ಪದ್ಧತಿಯ ಕೊರತೆ, ಕೆಲವರಿಗೆ ಎಲ್ಲವೂ 11, 12, 13 ಎಂದು ಚಪ್ಪಟೆಯಾಗಿ ಬೀಳುತ್ತದೆ. ಮೊತ್ತ ಸರಿಯಿದ್ದರೂ ಪಾತ್ರ ಯಾವುದಕ್ಕೂ ಬಾರದು, ಯಾಕೆಂದರೆ ಈ ಆಟದಲ್ಲಿ ಒಂದು 16ರ ಬೆಲೆ ಎರಡು 12ಕ್ಕಿಂತ ಜಾಸ್ತಿ. ಅದಕ್ಕೆ ಪರಿಹಾರ: ದೊಡ್ಡ ಗುಡ್ಡೆಯೂ 13 ದಾಟದಿದ್ದರೆ, ಎರಡು ಗುಡ್ಡೆಗಳ ನಡುವೆ ಒಂದೊಂದು ಎಲೆ ಅದಲು ಬದಲು ಮಾಡಿಕೊಳ್ಳಬಹುದು, ಬದಲಿಸಿದ ಮೇಲೆ 15 ದಾಟಬಾರದು. ಈ ಅದಲು ಬದಲನ್ನು ಎಲ್ಲರಿಗೂ ಬಿಡಬೇಡಿ. ಮೂವರಲ್ಲಿ ಒಬ್ಬರಿಗೆ ಒಂದೇ ಗುಡ್ಡೆಯಲ್ಲಿ ಎರಡು 6 ಬಿದ್ದಿರುತ್ತದೆ. ಅವರು ಮೂರನೇ 6 ಎಳೆದುಕೊಂಡು 18 ಮಾಡಿಕೊಂಡು ಕೂರುತ್ತಾರೆ, ನೀವು ಮತ್ತೆ ಮೊದಲಿನ ಜಾಗಕ್ಕೇ ಬಂದಿರಿ.

ಪಾಯಿಂಟ್ ಬೈ ಬಗ್ಗೆ ಹೆಚ್ಚು ಹೇಳುವುದಿಲ್ಲ. 27 ಪಾಯಿಂಟ್, ಅಂಕ 8ರಿಂದ 15ರ ಒಳಗೆ. 13ರವರೆಗೆ ಒಂದೊಂದು ಮೆಟ್ಟಿಲಿಗೆ ಒಂದು ಪಾಯಿಂಟ್, 14ಕ್ಕೂ 15ಕ್ಕೂ ಎರಡೆರಡು. ನ್ಯಾಯದಲ್ಲಿ ಅದನ್ನು ಮೀರಿಸಿದ್ದು ಇಲ್ಲ. 15, 15, 15, 8, 8, 8 ಎಂದು ಪ್ರತಿಯೊಬ್ಬರೂ ಬರೆದುಕೊಂಡು ಬರುವುದನ್ನು ತಡೆಯಬೇಕಿದ್ದರೆ, '8 ಒಂದೇ ಇರಬೇಕು' ಎಂದು ಒಂದು ಸಾಲು ಸೇರಿಸಿ, ಸಾಕು. 'ಇನ್ನೂ ಪಾಯಿಂಟ್ ಕೊಟ್ಟು 16 ಕೊಳ್ಳುತ್ತೇವೆ' ಅಂದರೆ ಒಪ್ಪಬೇಡಿ. ರೇಸ್‌ನ +2 ಸೇರಿ 18 ಆಗುತ್ತದೆ, ಉಳಿದದ್ದೆಲ್ಲ 8ಕ್ಕೆ ಇಳಿದಿರುತ್ತದೆ.

ಯಾವ ಪದ್ಧತಿಯೇ ಆಗಲಿ, ಎಸೆತ ಮೇಜಿನ ಮೇಲೆ, ಎಲ್ಲರೂ ಕೂತಿರುವಾಗ. 'ಮನೇಲೇ ಎಸೆದುಕೊಂಡು ಬಂದೆ' ಅನ್ನುವ ಪಾತ್ರದಲ್ಲಿ ಮೂರು ಅಂಕ 17 ಅಥವಾ 18 ಇದ್ದರೆ, ಅದು ಪ್ರಾಮಾಣಿಕವಾಗಿ ಬೀಳುವ ಸಾಧ್ಯತೆ ಸುಮಾರು 300ಕ್ಕೆ 1. ಸುಳ್ಳು ಎಂದು ಹೇಳುತ್ತಿಲ್ಲ. ಅನುಮಾನಕ್ಕೆ ಜಾಗವೇ ಕೊಡಬೇಡಿ ಎನ್ನುತ್ತಿದ್ದೇನೆ.

ಇನ್ನು ರೇಸ್. ಅಂಕದ ಬೋನಸ್ಸನ್ನು ರೇಸ್‌ಗೆ ಕಟ್ಟದೆ ಬೇಕಾದ ಕಡೆ ಹಾಕಿಕೊಳ್ಳುವ ಅವಕಾಶ 2020ರ ಪೂರಕ ಪುಸ್ತಕದಲ್ಲೇ ಬಂದಿದೆ. ಅದನ್ನು ತೆಗೆದುಕೊಳ್ಳಿ, ಹಾಫ್ ಓರ್ಕ್ ವಿಝಾರ್ಡ್ ಆಡಬೇಕೆಂದವರಿಗೆ ದಂಡ ಬೀಳುವುದು ತಪ್ಪುತ್ತದೆ. ಆದರೆ ಒಂದು ತೂತು ಮುಚ್ಚಬೇಕು. ಮೌಂಟನ್ ಡ್ವಾರ್ಫ್‌ಗೆ +2 ಎರಡು ಇವೆ, ಜೊತೆಗೆ ಮೀಡಿಯಮ್ ಆರ್ಮರ್ ತೊಡುವ ತರಬೇತಿ. ಪುಸ್ತಕದಲ್ಲಿ ಆ +2ಗಳು ಸ್ಟ್ರೆಂತ್ ಮತ್ತು ಕಾನ್‌ಸ್ಟಿಟ್ಯೂಶನ್‌ಗೆ ಕಟ್ಟಿದ್ದರಿಂದ ವಿಝಾರ್ಡ್‌ಗಳಿಗೆ ಅಷ್ಟು ಉಪಯೋಗ ಇರಲಿಲ್ಲ. ಬಿಚ್ಚಿದ ಕೂಡಲೇ ಇಂಟೆಲಿಜೆನ್ಸ್‌ಗೆ +2, ಡೆಕ್ಸ್ಟೆರಿಟಿಗೆ +2, 50 ಚಿನ್ನದ ನಾಣ್ಯದ ಸ್ಕೇಲ್ ಮೇಲ್, ಡೆಕ್ಸ್ಟೆರಿಟಿ 14 ಇದ್ದರೆ ಎಸಿ 16, ಒಂದೂ ಮಂತ್ರ ಖರ್ಚಿಲ್ಲದೆ. ನಿಯಮ ಹೀಗಿರಲಿ: ಯಾವ ರೇಸ್ ಆದರೂ ಒಂದು +2, ಒಂದು +1, ಅಷ್ಟೇ. ಹಾಫ್ ಎಲ್ಫ್‌ನ ಹೆಚ್ಚುವರಿ +1 ಕೂಡ ಹೋಗಲಿ. ರೆಕ್ಕೆ ಇರುವ ರೇಸ್‌ಗಳನ್ನು, ಮುಖ್ಯವಾಗಿ ಸುತ್ತಿಗೆ 50 ಅಡಿ ವೇಗದಲ್ಲಿ ಗಂಟೆಗಟ್ಟಲೆ ಹಾರುವ ಆರಕೋಕ್ರಾವನ್ನು, ಬೇಡ ಅನ್ನಿ. ಅಥವಾ 5ನೇ ಲೆವೆಲ್‌ವರೆಗೆ ರೆಕ್ಕೆ ಬಲಿತಿಲ್ಲ ಎಂದಿಡಿ. ಹಾರುವ ಮಂತ್ರ ವಿಝಾರ್ಡ್‌ಗೆ ಸಿಗುವುದೂ ಆಗಲೇ. ಅದಕ್ಕೆ ಮೊದಲು ಹಾರಿದರೆ ನೀವು ಬರೆದ ಗುಂಡಿ, ಗೋಡೆ, ಹೊಳೆ ಎಲ್ಲ ದಂಡ.

ಪುಕ್ಕಟೆ ಫೀಟ್ ಕೇಳುತ್ತಿದ್ದಾರೆ ಅಂದಿರಿ. ಕೊಡಿ, ಆದರೆ ಪಟ್ಟಿ ನಿಮ್ಮದು. ಗ್ರೇಟ್ ವೆಪನ್ ಮಾಸ್ಟರ್ ಮತ್ತು ಶಾರ್ಪ್‌ಶೂಟರ್ ಎರಡರಲ್ಲೂ ಎಸೆತಕ್ಕೆ -5 ತೆಗೆದುಕೊಂಡು ಪೆಟ್ಟಿಗೆ +10 ಸೇರಿಸುವ ಅವಕಾಶ ಇದೆ. ಗಾಬ್ಲಿನ್‌ನ ಎಚ್‌ಪಿ 7, ಓರ್ಕ್‌ನದು 15. ಮೊದಲ ಲೆವೆಲ್‌ನಲ್ಲೇ ಸರಾಸರಿ 20ರ ಪೆಟ್ಟು ಬೀಳುವುದಾದರೆ ಉಳಿದ ನಾಲ್ವರು ಏನು ಮಾಡಬೇಕು? ಪೋಲ್‌ಆರ್ಮ್ ಮಾಸ್ಟರ್, ಕ್ರಾಸ್‌ಬೋ ಎಕ್ಸ್‌ಪರ್ಟ್ ಮೊದಲ ದಿನವೇ ಎರಡನೇ ಹೊಡೆತ ಕೊಡುತ್ತವೆ, ಅವೂ ಬೇಡ. ಹೀಲರ್, ಆಕ್ಟರ್, ಸ್ಕಿಲ್ಡ್, ಲಿಂಗ್ವಿಸ್ಟ್, ಕೀನ್ ಮೈಂಡ್, ಟಫ್, ಮ್ಯಾಜಿಕ್ ಇನಿಶಿಯೇಟ್, ಇಂಥವು ಇರಲಿ. ಇವನ್ನು ಮಾಮೂಲಾಗಿ ಅಂಕ ಬಿಟ್ಟುಕೊಟ್ಟು ಯಾರೂ ಕೊಳ್ಳುವುದಿಲ್ಲ, ಪುಕ್ಕಟೆ ಸಿಕ್ಕರೆ ಪಾತ್ರಕ್ಕೆ ಬಣ್ಣ ಬರುತ್ತದೆ. ಎಲ್ಲರಿಗೂ ಫೀಟ್ ಕೊಟ್ಟ ದಿನ ವೇರಿಯಂಟ್ ಹ್ಯೂಮನ್ ಅನ್ನುವ ಆಯ್ಕೆ ತೆಗೆದುಹಾಕಿ. ಮೊದಲ ಲೆವೆಲ್‌ಗೆ ಫೀಟ್ ಸಿಗುವುದೇ ಅದರ ಆಕರ್ಷಣೆ. ಉಳಿಸಿಕೊಂಡರೆ ಅವರಿಗೆ ಎರಡು ಫೀಟ್ ಆಗುತ್ತದೆ. ಬದಲಿಗೆ ಮನುಷ್ಯರಿಗೆ ಮೇಲೆ ಹೇಳಿದ +2, +1, ಜೊತೆಗೆ ಒಂದು ಸ್ಕಿಲ್ ಕೊಡಿ.

ನಿಮ್ಮ ಆಟಗಾರರಲ್ಲಿ ಯಾರಾದರೂ 2024ರ ಹೊಸ ಪುಸ್ತಕ ಕೊಂಡಿದ್ದರೆ ಎಚ್ಚರ. ಅದರಲ್ಲಿ ಅಂಕದ ಬೋನಸ್ ಬರುವುದು ಬ್ಯಾಕ್‌ಗ್ರೌಂಡ್‌ನಿಂದ, ಒರಿಜಿನ್ ಫೀಟ್ ಕೂಡ ಅದರ ಜೊತೆಗೇ ಬರುತ್ತದೆ. 2014ರ ರೇಸ್, 2024ರ ಬ್ಯಾಕ್‌ಗ್ರೌಂಡ್ ಬೆರೆಸಿದರೆ +2, +1 ಎರಡೆರಡು ಸಲ ಸೇರಿಬಿಡುತ್ತದೆ. ಹಾಳೆ ನೋಡಿದಾಗ ಎರಡೂ 'ಪುಸ್ತಕದಲ್ಲೇ ಇದೆ' ಎಂದು ತೋರಿಸುತ್ತಾರೆ, ತೋರಿಸುವುದು ಸುಳ್ಳೂ ಅಲ್ಲ. ಹೊಸ ಬ್ಯಾಕ್‌ಗ್ರೌಂಡ್ ತೆಗೆದುಕೊಂಡರೆ ಹಳೇ ರೇಸ್‌ನ ಅಂಕ ಬಿಡಬೇಕು.

ಯಾವ ಲೆವೆಲ್‌ನಿಂದ ಶುರು? ಮೂರರಿಂದ ಎಂದು ಕೇಳುವವರ ಭಯ ಸುಳ್ಳಲ್ಲ. 2014ರ ಓರ್ಕ್‌ನ ಕೊಡಲಿ ಪೆಟ್ಟು ಒಂದು ಡಿ12, ಅದರ ಮೇಲೆ 3. 7 ಎಚ್‌ಪಿ ಇರುವ ವಿಝಾರ್ಡ್‌ಗೆ 14ರ ಪೆಟ್ಟು ಬಿದ್ದರೆ, ಎಚ್‌ಪಿ ಸೊನ್ನೆಯಾಗಿ ಉಳಿದ ಪೆಟ್ಟೂ 7 ಇರುವುದರಿಂದ, ಡೆತ್ ಸೇವ್ (ಬದುಕಲು ಸಿಗುವ ಕೊನೆಯ ಎಸೆತ) ಕೂಡ ಇಲ್ಲದೆ ಅಲ್ಲೇ ಸಾವು. ಡಿ12 ಮೇಲೆ 11 ಅಥವಾ 12 ಸಾಕು. ಎಲ್ಲರೂ ಅನುಭವಿಗಳಾಗಿದ್ದರೆ ಮೂರರಿಂದಲೇ ಶುರು ಮಾಡಿ. ಅಷ್ಟು ಹೊತ್ತಿಗೆ ಎಲ್ಲ ಕ್ಲಾಸ್‌ಗಳಿಗೂ ಸಬ್‌ಕ್ಲಾಸ್ ಸಿಕ್ಕಿರುತ್ತದೆ. ಒಬ್ಬರೇ ಹೊಸಬರಿದ್ದರೂ ಒಂದರಿಂದ ಶುರು ಮಾಡಿ, ಆದರೆ ಪ್ರತಿ ಪಾತ್ರಕ್ಕೂ ಒಂದೇ ಒಂದು ಸಲ 5 ಎಚ್‌ಪಿ ಹೆಚ್ಚು ಕೊಡಿ. ಆ ವಿಝಾರ್ಡ್ 12 ಆದರೆ ಒಂದೇ ಏಟಿಗೆ ಸಾಯಲು 24 ಬೇಕು, ಕ್ರಿಟಿಕಲ್ (ಪೆಟ್ಟಿನ ದಾಳ ಇಮ್ಮಡಿಯಾಗುವ ಹೊಡೆತ) ಬೀಳದೆ ಆ ಓರ್ಕ್ 15 ದಾಟುವುದಿಲ್ಲ. 10ನೇ ಲೆವೆಲ್ ಹೊತ್ತಿಗೆ ಈ 5 ಲೆಕ್ಕಕ್ಕೇ ಬರುವುದಿಲ್ಲ. 300 ಅನುಭವ ಅಂಕಕ್ಕೆ ಎರಡನೇ ಲೆವೆಲ್, 900ಕ್ಕೆ ಮೂರನೆಯದು; ಮೂರು ನಾಲ್ಕು ಸೆಶನ್‌ನಲ್ಲಿ ಹೇಗೂ ದಾಟುತ್ತೀರಿ.

ಲೆವೆಲ್ ಏರಿದಾಗ ಎಚ್‌ಪಿಗೆ '1 ಬಿದ್ದರೆ ಮತ್ತೆ ಎಸೆ' ಎಂದಿಟ್ಟುಕೊಳ್ಳುವವರು ಒಂದು ಗಮನಿಸುವುದಿಲ್ಲ: ಹಾಗೆ ಮಾಡಿದರೆ ಡಿ6ರ ಸರಾಸರಿ 4, ಡಿ8ರದು 5, ಡಿ10ರದು 6, ಡಿ12ರದು 7. ಪುಸ್ತಕ ಎಸೆಯದವರಿಗೆ ಕೊಡುವ ನಿಗದಿತ ಸಂಖ್ಯೆಗಳೂ ಇವೇ. ಹಾಗಾಗಿ ಎಸೆಯುವವರು 1 ಬಿಟ್ಟು ಎಸೆಯಲಿ, ಬೇಡದವರು ನಿಗದಿತ ಸಂಖ್ಯೆ ಬರೆದುಕೊಳ್ಳಲಿ, ಇಬ್ಬರಿಗೂ ಮೋಸ ಇಲ್ಲ. ಮಾಡಬಾರದ್ದು, ಎಸೆದು ನೋಡಿ ಚೆನ್ನಾಗಿಲ್ಲದಿದ್ದರೆ ನಿಗದಿತ ಸಂಖ್ಯೆಗೆ ಜಾರುವುದು. ದಾಳ ಮುಟ್ಟುವ ಮೊದಲೇ ಬಾಯಿಬಿಟ್ಟು ಹೇಳಬೇಕು.

ಶುರುವಿನ ಸಾಮಾನಿಗೆ ಕ್ಲಾಸ್ ಜೊತೆ ಬರುವ ಗಂಟನ್ನೇ ಕೊಡಿ. ಚಿನ್ನ ಎಸೆದರೆ ಫೈಟರ್‌ಗೆ ಸಿಗುವುದು ಐದು ಡಿ4, ಗುಣಿಸು 10, ಸರಾಸರಿ 125. ಚೈನ್ ಮೇಲ್ 75, ಲಾಂಗ್‌ಸ್ವೋರ್ಡ್ 15, ಗುರಾಣಿ 10, ಲೈಟ್ ಕ್ರಾಸ್‌ಬೋ 25, ಬಾಣ 1, ಡಂಜನಿಯರ್ಸ್ ಪ್ಯಾಕ್ 12. ಗಂಟಿನಲ್ಲೇ 138 ಇದೆ.

ಪಾತ್ರದ ಹಿನ್ನೆಲೆ ಒಂದು ಪುಟ ದಾಟಬಾರದು. ಹತ್ತು ಪುಟ ಬರೆದವರ ಕಥೆ ನೀವು ಓದಿದರೂ ಉಳಿದ ನಾಲ್ವರು ಓದುವುದಿಲ್ಲ, ಕೊನೆಗೆ ಅದು ನಿಮ್ಮಿಬ್ಬರ ನಡುವಿನ ಖಾಸಗಿ ಕಾದಂಬರಿ ಆಗುತ್ತದೆ. ಮೂರು ವಿಷಯ ಇರಲೇಬೇಕು: ಬದುಕಿರುವ ಒಬ್ಬ ಸಂಬಂಧಿ ಅಥವಾ ಗೆಳೆಯ, ತೀರದ ಒಂದು ಸಾಲ ಅಥವಾ ಹಗೆ, ಮತ್ತು ಗುಂಪಿನ ಇನ್ನೊಂದು ಪಾತ್ರದ ಜೊತೆ ಮೊದಲೇ ಇರುವ ಒಂದು ನಂಟು. ಮೂರನೆಯದು ಇಲ್ಲದಿದ್ದರೆ, ಹೋಟೆಲಿನ ಮೂಲೆಯಲ್ಲಿ ಮುಸುಕು ಹಾಕಿಕೊಂಡು ಯಾರ ಜೊತೆಯೂ ಮಾತಾಡದ ಒಬ್ಬ ಗ್ಯಾರಂಟಿ ಬರುತ್ತಾನೆ; ಅವನನ್ನು ಎಬ್ಬಿಸಿ ಕರೆದುಕೊಂಡು ಹೋಗುವುದರಲ್ಲೇ ಮೊದಲ ಸೆಶನ್ ಮುಗಿಯುತ್ತದೆ. ಹೆಸರುಗಳಿಗೆ ಫ್ಯಾಂಟಸಿ ಪುಸ್ತಕದ ಪಟ್ಟಿಯೇ ಆಗಬೇಕೆಂದಿಲ್ಲ. ನಾಲಿಗೆಗೆ ಸಿಗದ ಎಲ್ಫ್ ಹೆಸರನ್ನು ಎರಡನೇ ವಾರಕ್ಕೆ ಎಲ್ಲರೂ 'ಆ ಬಿಲ್ಲಿನವಳು' ಅನ್ನಲು ಶುರು ಮಾಡುತ್ತಾರೆ, ಅದರ ಬದಲು ಚೆನ್ನಿಯೋ ಬೋರಮ್ಮನೋ ವಾಸಿ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪಾತ್ರ ಕಟ್ಟಲು ಕೂರುವ ಒಂದು ವಾರ ಮೊದಲೇ ಎಲ್ಲರಿಗೂ ಕಳಿಸಿ. ಚೌಕಾಬಾರ ಆಡಿದವರಿಗೆ ಇದು ಹೊಸದಲ್ಲ: ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಅನ್ನುವ ನಿಯಮ ಕೆಲವರ ಮನೆಯಲ್ಲಿ ಉಂಟು, ಕೆಲವರಲ್ಲಿ ಇಲ್ಲ, ಕವಡೆ ಮುಟ್ಟುವ ಮೊದಲೇ ಕೇಳಿಕೊಳ್ಳುತ್ತೇವೆ. ಪ್ರತಿ ನಿಯಮದ ಪಕ್ಕ ಅದು ಯಾಕೆ ಎಂದು ಒಂದು ಸಾಲು ಇರಲಿ. ಆ ಸಾಲು ಬರೆಯಲು ಆಗದಿದ್ದರೆ ಆ ನಿಯಮ ಹೊಡೆದುಹಾಕಿ.

ಹಾಳೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಸಾಲು ಇವು. ಪಾತ್ರ ಸತ್ತರೆ ಹೊಸದು ಗುಂಪಿನ ಲೆವೆಲ್‌ನಲ್ಲೇ ಬರುತ್ತದೆ, ಹಂಚಿಕೊಂಡ ಎಸೆತ ಆದರೆ ಅದೇ ಆರು ಅಂಕ, ಇಸ್ಪೀಟು ಆದರೆ ಹೊಸ ಗುಡ್ಡೆ. ಒಬ್ಬೊಬ್ಬರೇ ದಾಳ ಎಸೆಯುವ ಮೇಜುಗಳಲ್ಲಿ ಕೆಟ್ಟ ಅಂಕದವರು ಡ್ರ್ಯಾಗನ್ ಬಾಯಿಗೆ ತಾವೇ ಓಡುವುದು ಇದಕ್ಕೇ, ಸತ್ತರೆ ಇನ್ನೊಂದು ಎಸೆತ ಸಿಗುತ್ತದೆ. ಮತ್ತು, ಮೂರನೇ ಲೆವೆಲ್ ಮುಗಿಯುವವರೆಗೆ ಯಾರು ಬೇಕಾದರೂ ಅಂಕಗಳ ಜಾಗ, ಫೀಟ್, ಸ್ಕಿಲ್, ಬೇಕಿದ್ದರೆ ಕ್ಲಾಸನ್ನೇ ಒಂದು ಸಲ ಬದಲಿಸಬಹುದು, ಸೆಶನ್ ನಡುವೆ ಅಲ್ಲ, ಎರಡು ಸೆಶನ್‌ಗಳ ಮಧ್ಯೆ. ಬಿಟ್ಟುಹೋದ ಗೆಳತಿಯನ್ನು ಮತ್ತೆ ಕರೆಯುವುದಿದ್ದರೆ ಆಕೆಗೆ ಮೊದಲು ಕಳಿಸಬೇಕಾದದ್ದು ಈ ಹಾಳೆಯೇ.